ಗದಗಿಗೆ ಬಂದ ಸಮುದ್ರ

ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ ಹೇಳಿದ ನಾಲಿಗೆ ಬಿದ್ದುಹೋಗಲಿ. ಬೇಸಿಗೆಯಲ್ಲಿ ಸಮುದ್ರಕ್ಕೂ ರಜೆ ಇರುತ್ತದಲ್ಲ, ಆಗ ಅದು ಯಾರದಾದರೂ ಮನೆಗೆ ಹೋಗಿ ನಾಲ್ಕು ದಿನ ಇದ್ದು ಬರುತ್ತದೆ. ಈ ಸಲ ಗದಗಿನ ಕಸ್ತೂರೆವ್ವನ ಅಂಗಳಕ್ಕೆ ಬಂತು, ಮೀನು ಮಕ್ಕಳ ಸಮೇತ. ನಾಲ್ಕು ದಿನವಾದರೂ ಒಲೆಯ ಮುಖ ನೋಡಬಾರದೆಂದು ಅವಳು ಕಾರವಾರಕ್ಕೆ ಚೀಲ ಕಟ್ಟಿದ ಬೆಳಿಗ್ಗೆಯೇ ಬಂತು.

ಗಂಡ ಚನ್ನಬಸಪ್ಪ ಕುರ್ಚಿ ಹಾಕಿಕೊಂಡು ಅಂಗಳದ ಅಲೆಯಲ್ಲಿ ಕಾಲು ಇಳಿಬಿಟ್ಟ. "ಸಮುದ್ರಾನ ಮನೀಗೆ ಬಂದೈತಿ, ಇನ್ನ ಕಾರವಾರ ಯಾಕ? ಚಾ ಇಡು. ಪಾಪ, ದೂರದಿಂದ ಬಂದೈತಿ."

ಕಸ್ತೂರೆವ್ವ ಚೀಲ ಹೆಗಲಿಗೇರಿಸಿದಳು.

"ಏ, ಅಲ್ಲೀಗ ಬರೇ ಉಸುಕು ಐತಿ!"

"ಒಲಿ ಇಲ್ಲಲ್ರೀ."

"ಹಂಗಾರ ಸಮುದ್ರಕ್ಕ ಸಾರಿನಾಗ ಉಪ್ಪು ಎಷ್ಟು ಹಾಕ—" ಎನ್ನುವಷ್ಟರಲ್ಲಿ ಅವಳು ಓಣಿ ದಾಟಿದ್ದಳು.