ಎತ್ತರದ ಕುರ್ಚಿ

ಸೋಫಾ ಖಾಲಿ. ಟಿವಿ ಆರಿದೆ. ಹುಡುಗಿ ಎಲ್ಲಿ?

ಈಜುಕೊಳದ ಕಾವಲುಗಾರ ತನ್ನ ಎತ್ತರದ ಕುರ್ಚಿಯಲ್ಲಿ ಕೂತು ಫೋನನ್ನು ಮೂಗಿನ ಹತ್ತಿರ ತಂದುಕೊಂಡ. ಪರದೆಯ ಮೇಲೆ ಅವನದೇ ಮನೆಯ ನಡುಮನೆ. ಮಗಳು ಕದ್ದು ಟಿವಿ ನೋಡುತ್ತಾಳೆಂದು ಸ್ಟೂಲು ಹತ್ತಿ ಗೋಡೆಗೆ ಕ್ಯಾಮೆರಾ ಬಡಿದ ಮಹಾನುಭಾವ ಇವನು. ದಿನಕ್ಕೆ ಅರ್ಧ ಗಂಟೆ ಟಿವಿ, ಫೋನು ಮುಟ್ಟಿದರೆ ಕೈ ಮುರಿಯುತ್ತೇನೆ ಎಂಬ ಎಚ್ಚರಿಕೆ ಬೇರೆ. ಕಾನೂನು ಮಾಡಿದ ಮೇಲೆ ಪಾಲನೆಯಾಗುತ್ತಿದೆಯೋ ಇಲ್ಲವೋ ನೋಡಬೇಡವೇ? ನೋಡುತ್ತಿದ್ದ. ಡ್ಯೂಟಿಗೆ ಬಂದಾಗಿನಿಂದ ಮುಗಿಯುವ ತನಕ ಅದನ್ನೇ ನೋಡುತ್ತಿದ್ದ.

ಏಳು ವರ್ಷದ ಆ ಮಗಳಿಗೆ ಈಜು ಕಲಿಯುವ ಹುಚ್ಚು. ಕೊಳದ ಹಿಂಬಾಗಿಲಿಗೆ ಎದುರೇ ಅವರ ಮನೆ. ಕಿಟಕಿಯಲ್ಲಿ ನಿಂತರೆ ಮಕ್ಕಳ ಕೇಕೆ ಕೇಳುತ್ತದೆ. ‘ಒಂದು ವಾರ ಟಿವಿ ಬಿಟ್ಟು ತೋರ್ಸು, ಆಮೇಲೆ ನೋಡೋಣ’ ಎಂದು ಬಾಯಿಗೆ ಬಂದದ್ದನ್ನು ಹೇಳಿ ಇವನು ಕೈತೊಳೆದುಕೊಂಡಿದ್ದ. ಅಂದಿನಿಂದ ಅವಳು ಟಿವಿ ಹಚ್ಚಿರಲೇ ಇಲ್ಲ. ಇನ್ನೊಬ್ಬನಾಗಿದ್ದರೆ ಮೆಚ್ಚಿಕೊಳ್ಳುತ್ತಿದ್ದ. ಇವನಿಗೆ ಅನುಮಾನ: ಇಲ್ಲಿ ನೋಡುತ್ತಿಲ್ಲ ಎಂದರೆ ಬೇರೆಲ್ಲೋ ನೋಡುತ್ತಿದ್ದಾಳೆ.

ಕೊಳದ ಅಂಚಿನಲ್ಲಿ ತಾಯಂದಿರ ಸಾಲು, ಅರ್ಧಕ್ಕರ್ಧ ಜನರ ಕೈಯಲ್ಲಿ ಫೋನು. ಅವರನ್ನು ಕಂಡರೆ ಇವನಿಗೆ ಮೈಯೆಲ್ಲ ಉರಿ. ಬೆಳಿಗ್ಗೆಯಷ್ಟೇ ಕನ್ನಡಕದ ಹೆಂಗಸೊಬ್ಬಳನ್ನು ದಬಾಯಿಸಿದ್ದ. ‘ಏನಮ್ಮಾ, ಆ ಡಬ್ಬ ನೋಡೋಕೆ ಇಲ್ಲಿಗ್ಯಾಕೆ ಬರ್ಬೇಕು? ಮಗು ಕಡೆ ಗಮನ ಇರ್ಲಿ.’ ಅವಳು ತೆಪ್ಪಗೆ ಫೋನನ್ನು ಚೀಲಕ್ಕೆ ಹಾಕಿಕೊಂಡಿದ್ದಳು.

ಈಗ ಮನೆಗೆ ಫೋನು ಮಾಡಿದ. ಇವನ ತಾಯಿ ಎತ್ತಿದಳು.

‘ಎಲ್ಲಮ್ಮ ಅವಳು?’

‘ಆಗಲೇ ಹೋದಳಲ್ಲೋ. ನೀನೇ ಹೇಳಿದ್ಯಂತೆ.’

‘ನಾನಾ? ಸುಳ್ಳು ಹೇಳೋದನ್ನೂ ಕಲಿತ್ಲು ಅನ್ನು. ನೀನು ತಲೆ ಮೇಲೆ ಕೂರಿಸ್ಕೊಂಡಿದ್ದೀಯಲ್ಲ, ಅದಕ್ಕೇ.’

ಪಕ್ಕದ ಮನೆಗೇ ಹೋಗಿರಬೇಕು. ಅಲ್ಲಿ ಹಗಲೆಲ್ಲ ಟಿವಿ ಅರಚುತ್ತಿರುತ್ತದೆ. ಬರಲಿ, ಇವತ್ತು ಗ್ರಹಚಾರ ಬಿಡಿಸುತ್ತೇನೆ ಎಂದುಕೊಂಡು ಕ್ಯಾಮೆರಾದ ರೆಕಾರ್ಡಿಂಗನ್ನು ಹಿಂದಕ್ಕೆ ಓಡಿಸಿದ. ಸಾಕ್ಷಿ ಬೇಕಿತ್ತು.

ಕುರ್ಚಿಯ ಬುಡದಲ್ಲಿ ಯಾವುದೋ ಮಗು ಏನೋ ಕೇಳಿತು. ಗದ್ದಲದಲ್ಲಿ ಕೊನೆಯದಷ್ಟೇ ಕಿವಿಗೆ ಬಿತ್ತು: ‘...ನೀರಿಗೆ ಇಳೀಲಾ?’

‘ಇಳಿ, ಇಳಿ. ತಲೆ ತಿನ್ಬೇಡ’ ಎಂದ. ಕಣ್ಣೆತ್ತಲಿಲ್ಲ.

ರೆಕಾರ್ಡಿಂಗಿನಲ್ಲಿ ಮಗಳು ಸುತ್ತಿದ ಬಟ್ಟೆಯೊಂದನ್ನು ಕಂಕುಳಲ್ಲಿ ಅವುಚಿಕೊಂಡು ಸೋಫಾ ದಾಟುತ್ತಿದ್ದಳು. ಮುಖದಲ್ಲಿ ನಗು. ಸಿಕ್ಕಿಬಿದ್ದಳು ಕಳ್ಳಿ. ಬಟ್ಟೆಯೊಳಗೆ ಅವಳಮ್ಮನ ಹಳೆಯ ಫೋನು ಅಡಗಿಸಿರಬೇಕು. ದೊಡ್ಡದು ಮಾಡಿ ನೋಡಿದ. ನಿಲ್ಲಿಸಿ ನೋಡಿದ. ಎಂಥ ಪತ್ತೇದಾರ! ಮೂರನೆಯ ಸಲ ಹಿಂದಕ್ಕೆ ಓಡಿಸುವಾಗ ಕೊಳದ ಆಳದ ಕಡೆಯಿಂದ ಯಾರೋ ಕಿರುಚಿದರು.

ಇವನು ಮೆಟ್ಟಿಲಿಳಿದು ಓಡಿ ತಲುಪುವಷ್ಟರಲ್ಲಿ ಕೆಲಸ ಮುಗಿದಿತ್ತು. ಕನ್ನಡಕದ ಹೆಂಗಸು ಉಟ್ಟ ಬಟ್ಟೆಯಲ್ಲೇ ಹಾರಿ ಮಗುವನ್ನು ಎಳೆದು ತಂದಿದ್ದಳು. ಈಗ ಕನ್ನಡಕವಿರಲಿಲ್ಲ. ಅಂಚಿನಲ್ಲಿ ಮಲಗಿಸಿ, ಮೇಲೆ ಬಾಗಿ ಎದೆ ಒತ್ತುತ್ತಿದ್ದಳು. ಅವಳ ಬೆನ್ನಾಚೆ ಇವನಿಗೆ ಕಂಡದ್ದು ಎರಡು ಪುಟ್ಟ ಪಾದಗಳು ಮಾತ್ರ.

ಮೊದಲು ಸೀಟಿ ಊದಿದ. ಅದೊಂದು ಬಾಕಿಯಿತ್ತು.

‘ಯಾರದ್ರೀ ಈ ಮಗು?’ ಫೋನು ಹಿಡಿದ ಕೈಯನ್ನೇ ಎತ್ತಿ ಸಾಲಿನ ಮೇಲೆಲ್ಲ ಗುಡುಗಿದ. ‘ಹೆತ್ತರೆ ಸಾಕಾ? ನೋಡ್ಕೊಳ್ಳೋ ಯೋಗ್ಯತೆ ಬೇಡ್ವಾ? ಮೂರು ಹೊತ್ತೂ ಫೋನು. ಥೂ, ನಾಚಿಕೆ ಆಗ್ಬೇಕು.’

ಮಗು ಕೆಮ್ಮಿತು, ನೀರು ಕಾರಿತು, ಉಸಿರೆಳೆಯಿತು. ಹೆಂಗಸು ಪಕ್ಕಕ್ಕೆ ಸರಿದು ಕೂತಳು.

‘ಅಪ್ಪಾ,’ ಎಂದಿತು ಮಗು, ‘ನಾನು ವಾರ ಪೂರ್ತಿ ಟಿವಿ ನೋಡ್ಲೇ ಇಲ್ಲ.’