ಮಂಜಿಗೆ ಹೆದರದ ಮಂತ್ರಿ

ಘಾಟಿಯಾಚೆ ಸಮಾವೇಶಕ್ಕೆ ಜನ ಸೇರಿದ್ದರು. ಮಂತ್ರಿಗಳು ಹೆಲಿಕಾಪ್ಟರ್ ಹತ್ತಿ, ಬೆಲ್ಟ್ ಬಿಗಿದು ಕೂತೇಬಿಟ್ಟಿದ್ದರು. ಆದರೆ ಘಾಟಿಯ ತುಂಬ ಮಂಜು ಕವಿದಿತ್ತು. ಪೈಲಟ್ ದೇಚಮ್ಮ ಎಂಜಿನ್ ಶುರು ಮಾಡಲೇ ಇಲ್ಲ.

“ಎದುರಿಗಿರೋ ಗುಡ್ಡ ಕಾಣಿಸ್ತಿಲ್ಲ ಸರ್. ಹಾರಿಸೋಕಾಗಲ್ಲ.”

“ಏನಮ್ಮಾ, ನನಗೇ ಆಗಲ್ಲ ಅಂತೀಯಾ? ಸಾವಿಗೆ ಹೆದರೋನಲ್ಲ ನಾನು. ನಿನಗೆ ಧೈರ್ಯ ಇಲ್ದಿದ್ರೆ ಮನೇಲಿ ಮುದ್ದೆ ತಿರುವ್ಕೊಂಡಿರು!”

ದೇಚಮ್ಮನಿಗೆ ಮೈಯೆಲ್ಲ ಉರಿದುಹೋಯಿತು.

“ಹಿಂದೆ ಕೂತಿರೋ ನಿಮ್ಮ ಗನ್‌ಮ್ಯಾನ್‌ಗೆ ಹೆಂಡ್ತಿ ಮಕ್ಕಳಿದ್ದಾರೆ ಸರ್. ನಾನಂತೂ ಹಾರಿಸಲ್ಲ.”

ಮಂತ್ರಿಗಳು ಹೆಲಿಕಾಪ್ಟರ್ ಕಂಪನಿಯ ಮಾಲೀಕರಿಗೆ ಫೋನ್ ಮಾಡಿ, ಇವಳನ್ನು ಈಗಲೇ ಕೆಲಸದಿಂದ ಕಿತ್ತುಹಾಕಿ ಎಂದು ಅರಚಿದರು. ಅವಳು ಸ್ವಿಚ್ಚು ಮುಟ್ಟದೆ ಕೂತೇ ಇದ್ದಳು.

ಕೊನೆಗೂ ಬಿಸಿಲೇರಿತು. ಮಂಜು ಕರಗಿ, ಗುಡ್ಡದ ನೆತ್ತಿ ನಿಚ್ಚಳವಾಗಿ ಕಂಡಿತು.

“ಈಗ ಹೊರಡಬಹುದು ಸರ್,” ಎಂದು ಸ್ವಿಚ್ಚಿಗೆ ಕೈ ಹಾಕಿದಳು.

ಮಂತ್ರಿಗಳು ಗಡಿಯಾರ ನೋಡಿಕೊಂಡವರೇ ಬೆಲ್ಟ್ ಕಿತ್ತೆಸೆದು ಕೆಳಕ್ಕೆ ಧುಮುಕಿದರು.

“ತಲೆಗಿಲೆ ಕೆಟ್ಟಿದೆಯಾ ನಿನಗೆ? ರಾಹುಕಾಲ ಶುರುವಾಗಿದೆ! ನನ್ನ ಜೀವಕ್ಕೆ ಬೆಲೆ ಇಲ್ವಾ?”