ಬಾಯಿ ಮುಚ್ಚದ ಬೀಗ

“ತುಕ್ಕು ಹಿಡಿದಿರೋದು ನನಗಲ್ಲ ರೀ, ನಿಮ್ಮ ತಲೆಗೆ!”

ಮೆಕ್ಯಾನಿಕ್ ಕೈಯಲ್ಲಿದ್ದ ಕಾಗದವನ್ನು ಊಟದ ಮೇಜಿನ ಮೇಲೆ ಬಡಿದ. ಟೀ ಲೋಟಗಳು ಕುಣಿದವು. ಎದುರಿಗೆ ಕುಳಿತಿದ್ದ ಅವನ ಬೀಗರು, ಅಂದರೆ ಮಗಳ ಮಾವ, ನಿವೃತ್ತ ಹೆಡ್‌ಮೇಷ್ಟ್ರು, ತಮ್ಮ ಲೋಟವನ್ನು ಮಾತ್ರ ಚೆಲ್ಲದಂತೆ ಎತ್ತಿ ಹಿಡಿದರು.

“ಏನಾಯ್ತು ಅಂತ ಕೂತು ಹೇಳಿ ಬೀಗರೇ.”

“ಕೂರೋದೆಲ್ಲಿ? ಶನಿವಾರದೊಳಗೆ ಹೊರಗೆ ಹಾಕ್ತೀರಂತಲ್ಲ! ನಿಮ್ಮದೇ ಅಕ್ಷರ. ಮುತ್ತು ಪೋಣಿಸಿದ ಹಾಗಿದೆ.”

ಮಗಳು ಅಡುಗೆಮನೆಯಿಂದ ಓಡಿಬಂದಳು. ಅಳಿಯ ಒದ್ದೆ ತಲೆ ಒರೆಸುತ್ತ ಬಂದ.

ಅದು ರಿಪೇರಿ ಪಟ್ಟಿ. ಮನೆಯಲ್ಲಿ ಕೆಟ್ಟಿದ್ದನ್ನೆಲ್ಲ ಹೆಡ್‌ಮೇಷ್ಟ್ರು ಪ್ರತಿ ಸೋಮವಾರ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸುತ್ತಿದ್ದರು. ಈ ವಾರದ್ದು ಹೀಗಿತ್ತು:

೧. ಹಿತ್ತಲ ನಲ್ಲಿ: ತೊಟ್ಟಿಕ್ಕುತ್ತಿದೆ. ವಾಷರ್ ಬದಲಿಸುವುದು.
೨. ಬೀಗ: ತುಕ್ಕು ಹಿಡಿದಿದೆ. ಬಾಯಿ ಮುಚ್ಚುವುದಿಲ್ಲ. ಎಣ್ಣೆ ಹಾಕಿದರೂ ಅಷ್ಟೇ. ಶನಿವಾರದೊಳಗೆ ಹೊರಗೆ ಹಾಕುವುದು.
೩. ಶೆಡ್ಡಿನ ಮೇಲಿನ ಕೋಣೆ: ಭಾನುವಾರ ಬಣ್ಣ.

ಏಳು ತಿಂಗಳ ಹಿಂದೆ ಕಾರೆತ್ತುವ ಜಾಕ್ ಜಾರಿ ಮೆಕ್ಯಾನಿಕ್‌ನ ಮಂಡಿ ಜಜ್ಜಿಹೋಗಿತ್ತು. ಗ್ಯಾರೇಜು ಮುಚ್ಚಿತು. ಬೇರೆ ನೆಲೆಯಿರಲಿಲ್ಲ. ಮಗಳು ಕರೆತಂದು ಕಾರ್ ಶೆಡ್ಡಿನ ಮೇಲಿನ ಕೋಣೆಯಲ್ಲಿ ಇರಿಸಿದಳು. ದಿನಾ ಸಂಜೆ ಮಂಡಿಗೆ ಎಣ್ಣೆ ತಿಕ್ಕುತ್ತಿದ್ದಳು. ಆದರೂ ಅವನು ಮೆಟ್ಟಿಲಿಳಿದರೆ ಹಳೆಯ ಗೇಟು ತೆರೆದ ಸದ್ದು.

ಪೆಟ್ಟಾದದ್ದು ಮಂಡಿಗೆ, ಬಾಯಿಗಲ್ಲ. ಹೆಡ್‌ಮೇಷ್ಟ್ರು ಕಾರು ತೆಗೆದಾಗಲೆಲ್ಲ ಇವನು ಕಿಟಕಿಯಿಂದ ಕೂಗುತ್ತಿದ್ದ: “ಅದು ಗೇರ್‌ಬಾಕ್ಸಾ, ಬೀಸೋ ಕಲ್ಲಾ?” ಬೀದಿ ನಗುತ್ತಿತ್ತು. ಆಮೇಲೆ ಹೆಡ್‌ಮೇಷ್ಟ್ರ ಅಪ್ಪಣೆಯಾಯಿತು: ತಮ್ಮ ಹೊರತು ಕಾರನ್ನು ಯಾರೂ ಮುಟ್ಟಕೂಡದು.

ಹೆಡ್‌ಮೇಷ್ಟ್ರು ಪಟ್ಟಿ ಓದಿದರು. ಕನ್ನಡಕ ತೆಗೆದರು. ನಕ್ಕರು.

“ಹೋದ ತಿಂಗಳು ಈ ಬೀದಿಯಲ್ಲಿ ಎರಡು ಕಾರು ಕಳುವಾಯ್ತಲ್ಲ? ಅದಕ್ಕೇ ನಾನೊಂದು ಬೀಗ ತಂದಿದ್ದು. ಸ್ಟೇರಿಂಗಿಗೆ ಅಡ್ಡ ಹಾಕೋದು, ಕೆಂಪು ಸರಳು.”

“ಸ್ಟೇರಿಂಗ್ ಲಾಕಾ?”

“ನಿಮಗದು ಲಾಕು. ಮೂವತ್ತು ವರ್ಷ ವ್ಯಾಕರಣ ಕಲಿಸಿದ ಬಾಯಿಗೆ ಅದು ಬೀಗ. ಅದರ ಕೊಕ್ಕೆ ಬಾಯಿ ಮುಚ್ತಾ ಇಲ್ಲ. ಎಣ್ಣೆ ಬಿಟ್ಟೂ ಆಯ್ತು. ಎಸೀಬೇಕು. ಅಷ್ಟನ್ನ ಬರೆದರೆ ತಲೆಗೆ ತುಕ್ಕಾ?” ಅವರು ಮೂರನೆಯ ಸಾಲಿನ ಮೇಲೆ ಬೆರಳಿಟ್ಟರು. “ಇದನ್ನೂ ಓದಿ. ಹೊರಗೆ ಹಾಕಬೇಕಾದವರ ಕೋಣೆಗೆ ಯಾರಾದ್ರೂ ಬಣ್ಣ ಹೊಡೆಸ್ತಾರಾ?”

ಮೊದಲು ನಕ್ಕವನು ಅಳಿಯ. “ಮಾವ, ಬೀಗ ಅಂದ್ರೆ ಬೀಗ! ಬೀಗರಲ್ಲ!”

ಮಗಳು ನಗಲಿಲ್ಲ. “ಇನ್ನೆಷ್ಟು ಸಲ ನನ್ನ ಮಾನ ತೆಗೀತೀಯಪ್ಪಾ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೋತೀಯಲ್ಲ. ಕ್ಷಮೆ ಕೇಳು.”

ಮೆಕ್ಯಾನಿಕ್‌ನ ಕಿವಿ ಕೆಂಪಾಯಿತು. “ತಪ್ಪಾಯ್ತು,” ಎಂದ ನೆಲ ನೋಡುತ್ತ.

“ಜೋರಾಗಿ ಹೇಳಿ,” ಎಂದರು ಹೆಡ್‌ಮೇಷ್ಟ್ರು. “ಬಯ್ಯೋವಾಗ ಬೀದಿಗೆಲ್ಲ ಕೇಳಿಸ್ತು.”

“ತಪ್ಪಾಯ್ತು ಬೀಗರೇ!”

ಹೆಡ್‌ಮೇಷ್ಟ್ರು ಟೀ ಹೀರಿದರು. ಮೆಕ್ಯಾನಿಕ್ ಹೋಗಲಿಲ್ಲ. ಕೈ ಹೊಸೆಯುತ್ತ ನಿಂತ.

“ಆ ಬೀಗ ಎಸೀಬೇಡಿ. ಕೀ ಕೊಡಿ. ಹತ್ತು ನಿಮಿಷದ ಕೆಲಸ.”

“ಬೇಡ ಬಿಡಿ.”

“ಮಾಡಿದ ತಪ್ಪಿಗೆ ಅಷ್ಟಾದ್ರೂ...”

“ಬೇಡ ಅಂದ್ನಲ್ಲ!”

ಆ ಬೆಳಗ್ಗೆ ಹೆಡ್‌ಮೇಷ್ಟ್ರ ದನಿ ಏರಿದ್ದು ಅದೊಂದೇ ಸಲ. ಅಷ್ಟರಲ್ಲಿ ಅಳಿಯ ಮೊಳೆಯಿಂದ ಕೀ ಗೊಂಚಲು ತೆಗೆದಿದ್ದ. “ಇರ್ಲಿ ಬಿಡಪ್ಪ. ಮಾವ ಕೈಯಿಟ್ರೆ ಎಂಥ ತುಕ್ಕೂ ಬಿಡುತ್ತೆ.”

ಮೆಕ್ಯಾನಿಕ್ ಕೀ ಹಿಡಿದ. ಯಾಕೋ ಪಟ್ಟಿಯನ್ನೂ ಮಡಚಿ ಜೇಬಿಗಿಟ್ಟ. ಮಂಡಿ ಕಿರುಗುಟ್ಟಿಸುತ್ತ ಹೊರಗೆ ಹೋದ.

ಹತ್ತು ನಿಮಿಷ ಕಳೆಯಿತು. ಅರ್ಧ ಗಂಟೆಯಾಯಿತು. ಅವನ ಪಾಲಿನ ಟೀ ಕೆನೆಗಟ್ಟಿತು. ಬೈದದ್ದು ಹೆಚ್ಚಾಯಿತೆನಿಸಿ ಮಗಳು ಬೇರೆ ಟೀ ಕಾಸಿ ತಾನೇ ಒಯ್ದಳು.

ಶೆಡ್ಡಿನಲ್ಲಿ ಕಾರು ಇತ್ತು. ಅಪ್ಪ ಇರಲಿಲ್ಲ. ಮೆಟ್ಟಿಲು ಹತ್ತಿ ನೋಡಿದಳು. ಹಾಸಿಗೆ ಸುತ್ತಿಟ್ಟಿತ್ತು. ಮಂಚದ ಕೆಳಗೆ ಟೂಲ್ ಬಾಕ್ಸ್ ಇದ್ದ ಜಾಗದಲ್ಲಿ ಧೂಳಿನ ಚೌಕ.

ಕೆಳಗಿಳಿದು ಗೇಟಿಗೆ ಓಡಿದಳು. ಬೀದಿಯ ಎರಡೂ ತುದಿ ಖಾಲಿ.

ಕಾರಿನ ಬಾಗಿಲು ತೆರೆದೇ ಇತ್ತು. ಕೆಂಪು ಸರಳು ಸ್ಟೇರಿಂಗಿಗೆ ಅಡ್ಡ ಕೂತಿತ್ತು, ಕೀ ಅದರಲ್ಲೇ ನೇತಾಡುತ್ತಿತ್ತು. ಅವಳು ಕೀ ತಿರುಗಿಸಿದಳು. ಬೆಣ್ಣೆಯಲ್ಲಿ ಕತ್ತಿಯಾಡಿದಂತೆ ಕೊಕ್ಕೆ ಬಿಟ್ಟುಕೊಂಡಿತು. ಸರಳಿನಲ್ಲಿ ತುಕ್ಕಿನ ಚುಕ್ಕೆಯೂ ಇಲ್ಲ. ಒಳಗೆ ಬೆರಳಾಡಿಸಿದಳು. ಎಣ್ಣೆಯ ಪಸೆಯೂ ಇಲ್ಲ. ಅಂಗಡಿಯ ಚೀಟಿ ಇನ್ನೂ ಕಿತ್ತಿರಲಿಲ್ಲ. ಒತ್ತಿದಳು.

ಟಕ್. ಬೀಗ ಬಾಯಿ ಮುಚ್ಚಿತು.

“ಏನಮ್ಮಾ,” ಜಗಲಿಯಿಂದ ಮಾವನ ದನಿ ಬಂತು, “ಬೀಗ ಸರಿಹೋಯ್ತಾ?”

ಸೀಟಿನ ಮೇಲೆ ಪಟ್ಟಿ ಬಿದ್ದಿತ್ತು. ಎರಡನೆಯ ಸಾಲಿಗೆ ಟಿಕ್ ಹಾಕಿ, ಪಕ್ಕದಲ್ಲಿ ಅಪ್ಪ ದಪ್ಪ ಅಕ್ಷರದಲ್ಲಿ ಬರೆದಿದ್ದ: ಬೀಗ ಹೊರಗೆ ಹೋದ.